ಸಹಾಯ ಬೇಕು: ಹೊಸ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದೆ, ಇಂಟರ್ನೆಟ್ ಬರುತ್ತಿಲ್ಲ

ನಮಸ್ಕಾರ ಎಲ್ಲರಿಗೂ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಒಂದೊಂದೇ ಪಾರ್ಟ್ ತಂದು, ಮಗಳ ಓದಿಗೆ ಅಂತ ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ್ದೇನೆ. ಉಬುಂಟು 24.04 (ಲಿನಕ್ಸ್‌ನ ಒಂದು ಬಗೆ) ಹಾಕುವಾಗ ಮೊದಲು ಸ್ಕ್ರೀನ್ ಕಪ್ಪಾಗಿ ನಿಂತುಬಿಡುತ್ತಿತ್ತು, ಸೇಫ್ ಗ್ರಾಫಿಕ್ಸ್ ಆರಿಸಿದ ಮೇಲೆ ಇನ್‌ಸ್ಟಾಲ್ ಆಯಿತು. ಈಗಿನ ತೊಂದರೆ ಇಂಟರ್ನೆಟ್‌ದು.

ಲ್ಯಾನ್ ಕೇಬಲ್ ಚುಚ್ಚಿದರೆ ಪೋರ್ಟ್ ಪಕ್ಕದ ಹಸಿರು ಲೈಟ್ ಎರಡು ಸಲ ಮಿನುಗಿ ಆರಿಹೋಗುತ್ತದೆ. ಅದೇ ಕೇಬಲ್ ಹಳೇ ಲ್ಯಾಪ್‌ಟಾಪ್‌ಗೆ ಹಾಕಿದರೆ ನೆಟ್ ಚೆನ್ನಾಗಿ ಬರುತ್ತದೆ, ಅಂದಮೇಲೆ ಕೇಬಲ್, ರೂಟರ್ ಎರಡೂ ಸರಿ ಇವೆ ಅಲ್ವಾ? ಒಳಗಿರುವ ಚಿಪ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಪಿಸಿಐ’ ಕಮಾಂಡ್ ಕೊಟ್ಟರೆ ಲ್ಯಾನ್ ಚಿಪ್ ಹೆಸರು ಕಾಣುತ್ತದೆ, ಆದರೆ ನೆಟ್‌ವರ್ಕ್ ಸಂಪರ್ಕಗಳನ್ನು ತೋರಿಸುವ ‘ಐಪಿ ಲಿಂಕ್’ ಕೊಟ್ಟರೆ ‘ಎಲ್‌ಓ’ (ಕಂಪ್ಯೂಟರ್ ತನ್ನೊಳಗೇ ಬಳಸುವ ಸಂಪರ್ಕ) ಒಂದೇ ಬರುತ್ತದೆ. ಚಿಪ್ ಇದೆ, ಅದನ್ನು ನಡೆಸುವ ಸಾಫ್ಟ್‌ವೇರ್ ಅಂದರೆ ಡ್ರೈವರ್ ಸಿಕ್ಕಿಲ್ಲ ಅಂತ ನನ್ನ ಲೆಕ್ಕ. ಮದರ್‌ಬೋರ್ಡ್ ತೀರಾ ಹೊಸದು, ಕರ್ನಲ್ (ಲಿನಕ್ಸ್‌ನ ತಿರುಳು, ಡ್ರೈವರ್‌ಗಳು ಇದರ ಜೊತೆಗೇ ಬರುತ್ತವೆ) 6.8. ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿದರೆ ನೆಟ್ ಬರುತ್ತದೆ, ಆದರೆ ದಿನದ ಡೇಟಾ ಪೂರ್ತಿ ಅಪ್‌ಡೇಟ್‌ಗೇ ಖಾಲಿ.

ಹೊಸ ಹಾರ್ಡ್‌ವೇರ್‌ಗಾಗಿ ಉಬುಂಟು ಕೊಡುವ ಎಚ್‌ಡಬ್ಲ್ಯೂಇ ಕರ್ನಲ್ ಹಾಕಿದರೆ ಸಾಕಾ, ಇಲ್ಲ ಡಿಕೆಎಂಎಸ್ (ಕರ್ನಲ್‌ಗೆ ಹೊರಗಿನಿಂದ ಸೇರಿಸುವ) ಡ್ರೈವರ್ರೇ ಬೇಕಾ? ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಿನ ಭದ್ರತಾ ತಪಾಸಣೆ) ಆನ್ ಇದೆ, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಅದು ಲೋಡ್ ಆಗಲು ಬಿಡುವುದಿಲ್ಲ ಅಂತ ಓದಿದ್ದೇನೆ, ಹಾಗಾದರೆ ಆಫ್ ಮಾಡಲಾ? ಸುಮ್ನೆ ಏನೋ ಮಾಡಿ ಇರುವುದನ್ನೂ ಕೆಡಿಸಲು ಇಷ್ಟವಿಲ್ಲ. ಸೋಮವಾರದಿಂದ ಮಗಳ ಆನ್‌ಲೈನ್ ಕ್ಲಾಸ್ ಶುರು. ಗೊತ್ತಿದ್ದವರು ದಯವಿಟ್ಟು ಹೇಳಿ, ಯಾವ ಕಮಾಂಡ್ ಕೊಡಬೇಕು ಅಂದರೂ ಕೊಟ್ಟು ಫೋಟೋ ಹಾಕುತ್ತೇನೆ.