ಆಟ ಶುರುವಲ್ಲಿ ಸಲೀಸು, ಹದಿನೈದು ನಿಮಿಷಕ್ಕೆ ತಡವರಿಸುತ್ತೆ: ಗ್ರಾಫಿಕ್ಸ್ ಕಾರ್ಡ್ ಬದಲಿಸ್ಬೇಕಾ?

ಪ್ರಶ್ನೆ (ಮೂಡಿಗೆರೆ):
ನಮಸ್ತೆ ಸರ್. ನಾವು ಮೂಡಿಗೆರೆ ಹತ್ರ ತೋಟದ ಮನೇಲಿರೋದು. ಮಗ ಸೆಕೆಂಡ್ ಪಿಯುಸಿ, ಭಾನುವಾರ ಜಿಟಿಎ ಫೈವ್ ಆಡ್ತಾನೆ, ಮೊದಲ ಹತ್ತು ಹದಿನೈದು ನಿಮಿಷ ಚೆನ್ನಾಗೇ ಓಡುತ್ತೆ, ಆಮೇಲೆ ತಡೆದು ತಡೆದು ಹೋಗುತ್ತೆ, ಫ್ಯಾನ್ ಸದ್ದು ಹಾಲ್ ತನಕ ಕೇಳುತ್ತೆ. ಐ5 10400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಕಾರ್ಡು, 8 ಜಿಬಿ ರ‍್ಯಾಮ್, 2020ರ ಕೊನೇಲಿ ತಗೊಂಡಿದ್ದು. ಒಂದು ಅಂಗಡೀಲಿ ತೋರಿಸಿದ್ವಿ, ಕಾರ್ಡ್ ಹಳೇದಾಯ್ತು ಹೊಸದು ಹಾಕ್ಬೇಕು 25 ಸಾವಿರ ಆಗುತ್ತೆ ಅಂದ್ರು. ನಮ್ಮನೆಯವರು ಸಂಜೆ ವೋಲ್ಟೇಜ್ ಕಮ್ಮಿ ಇರುತ್ತಲ್ಲ ಅದಕ್ಕೇ ಹಿಂಗೆ ಅಂತಾರೆ. ಯಾರ ಮಾತು ಕೇಳೋದು?

ಉತ್ತರ (ಹಾಸನ, ಕಂಪ್ಯೂಟರ್ ಸರ್ವೀಸ್):
ನಮಸ್ತೆ ಅಕ್ಕ. ದಯವಿಟ್ಟು ಈಗಲೇ ದುಡ್ಡು ಬಿಚ್ಚಬೇಡಿ. ಕಾರ್ಡಿಗೆ ಶಕ್ತಿ ಸಾಲದೇ ಇದ್ರೆ ಆಟ ಮೊದಲನೇ ನಿಮಿಷದಿಂದಲೇ ನಿಧಾನ ಇರುತ್ತೆ. ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕೆಡ್ತಿದೆ ಅಂದ್ರೆ ನನಗೆ ಮೊದಲು ಅನುಮಾನ ಬರೋದು ಬಿಸಿ ಮೇಲೆ.

ವೋಲ್ಟೇಜ್ ವಿಷ್ಯ. ಪಿಸಿ ಒಳಗೆ ಕರೆಂಟ್ ಒದಗಿಸೋ ಎಸ್‌ಎಂಪಿಎಸ್ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಕೆಲವದ್ರಲ್ಲಿ 100–240 ವೋಲ್ಟ್ ಅಂತ, ಕೆಲವದ್ರಲ್ಲಿ 200–240 ಅಂತ. ಆ ಮಿತಿಯೊಳಗೆ ಕರೆಂಟ್ ಎಷ್ಟೇ ಬಂದ್ರೂ ಒಳಗಡೆ ಅದು 12 ವೋಲ್ಟ್ ಮಾಡಿಯೇ ಕೊಡುತ್ತೆ. ಮಿತಿಗಿಂತ ಕೆಳಗೆ ಹೋದ್ರೆ ಪಿಸಿ ಆಫ್ ಆಗುತ್ತೆ ಇಲ್ಲಾ ರೀಸ್ಟಾರ್ಟ್ ಆಗುತ್ತೆ, ಬಲ್ಬ್ ಮಂಕಾದ ಹಂಗೆ ಆಟ ನಿಧಾನ ಆಗೋದಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುತ್ತಲ್ಲ, ಅದಕ್ಕೆ ಯುಪಿಎಸ್ ಇರಲಿ, ಆದ್ರೆ ಈ ತೊಂದ್ರೆಗೂ ಅದಕ್ಕೂ ಸಂಬಂಧ ಇಲ್ಲ.

ಮಗನಿಗೆ ಹೇಳಿ ಎಚ್‌ಡಬ್ಲ್ಯೂಇನ್ಫೋ ಅನ್ನೋ ಪ್ರೋಗ್ರಾಂ ಹಾಕ್ಲಿ, ಫ್ರೀ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ಕಾಣುತ್ತೆ, ಪ್ರೊಸೆಸರ್ ಬಿಸಿ ಕಾಣಲ್ಲ, ಅದಕ್ಕೇ ಇದು ಬೇಕು. ಅದನ್ನ ಹಿಂದೆ ತೆರೆದಿಟ್ಟು ಅರ್ಧ ಗಂಟೆ ಆಡ್ಲಿ, ತಡವರಿಸೋಕೆ ಶುರುವಾದ ಕೂಡಲೇ ಪ್ರೊಸೆಸರ್ ಎಷ್ಟು ಡಿಗ್ರಿ, ಎಷ್ಟು ಗಿಗಾಹರ್ಟ್ಸ್ ವೇಗ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಪರ್ಸೆಂಟ್ ಕೆಲಸ ಮಾಡ್ತಿದೆ, ರ‍್ಯಾಮ್ ಎಷ್ಟು ತುಂಬಿದೆ ಅಂತ ಬರೆದು ಕಳಿಸ್ಲಿ. ಪಿಸಿ ಎಲ್ಲಿಟ್ಟಿದೀರಿ, ಗೇಮ್ ಯಾವ ಡ್ರೈವ್‌ನಲ್ಲಿದೆ ಅನ್ನೋದೂ ಬೇಕು.

ಮೂಡಿಗೆರೆ:
ಅಂಕಲ್ ನಾನು ಮಗ ಬರೀತಿರೋದು, ಅಮ್ಮನ ಫೋನಿಂದ. ಶುರುವಲ್ಲಿ 4 ಗಿಗಾಹರ್ಟ್ಸ್ ಇತ್ತು ಆಮೇಲೆ 2.3ಗೆ ಬಿತ್ತು, ಪ್ರೊಸೆಸರ್ 99 ಡಿಗ್ರಿ, ಥರ್ಮಲ್ ಥ್ರಾಟ್ಲಿಂಗ್ ಅನ್ನೋ ಕಡೆ ಯೆಸ್ ಅಂತ ಕೆಂಪಗೆ ಬಂತು. ಗ್ರಾಫಿಕ್ಸ್ ಕಾರ್ಡ್ 45 ಪರ್ಸೆಂಟ್, ಅದರ ಬಿಸಿ 61. ರ‍್ಯಾಮ್ 7.4 ಜಿಬಿ ತುಂಬಿದೆ, ಹಿಂದೆ ಕ್ರೋಮ್ ತೆಗೆದಿತ್ತು. ಗೇಮ್ ಹಾರ್ಡ್ ಡಿಸ್ಕಲ್ಲಿದೆ, ವಿಂಡೋಸ್ ಮಾತ್ರ ಬೇಗ ಓದೋ ಎಸ್‌ಎಸ್‌ಡಿಲಿ. ಪಿಸಿ ಟೇಬಲ್ ಕೆಳಗಿನ ಬಾಗಿಲಿರೋ ಕಬೋರ್ಡಲ್ಲಿ, ಕಣದ ಕಡೆ ಕಿಟಕಿ ಪಕ್ಕ.

ಉತ್ತರ:
ಚೆನ್ನಾಗಿ ನೋಡಿ ಬರ್ದಿದೀಯ ತಮ್ಮಾ, ಇಷ್ಟಿದ್ರೆ ಸಾಕು. ನಿನ್ನ ಪ್ರೊಸೆಸರ್‌ಗೆ ಕಂಪನಿ ಕೊಟ್ಟಿರೋ ಗರಿಷ್ಠ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ಕೂಡ್ಲೇ ಸುಟ್ಟು ಹೋಗ್ಬಾರ್ದು ಅಂತ ಅದು ತಾನಾಗೇ ವೇಗ ಇಳಿಸ್ಕೊಳ್ಳುತ್ತೆ, ಥರ್ಮಲ್ ಥ್ರಾಟ್ಲಿಂಗ್ ಅಂದ್ರೆ ಇದೇ. ಆರೂ ಕೋರ್ ಕೆಲಸ ಮಾಡುವಾಗ 4 ಗಿಗಾಹರ್ಟ್ಸ್ ಓಡ್ಬೇಕಾದ್ದು, 2.9 ಅನ್ನೋ ಬೇಸ್ ವೇಗಕ್ಕಿಂತಲೂ ಕೆಳಗೆ ಬಿದ್ದಿದೆ ನೋಡು.

ಅಕ್ಕ, ನೀವು ನೋಡ್ಬೇಕಾದ್ದು ಆ 45 ಪರ್ಸೆಂಟ್. ಕಾರ್ಡ್ ಅರ್ಧಕ್ಕರ್ಧ ಖಾಲಿ ಕೂತಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಎಷ್ಟು ದೊಡ್ಡದಿದ್ರೇನು, ಹಣ್ಣು ಸುರಿಯೋರು ನಿಧಾನ ಆದ್ರೆ ಅದು ಸುಮ್ನೆ ತಿರುಗ್ತಿರುತ್ತಲ್ಲ, ಹಂಗೆ. ಪ್ರೊಸೆಸರ್ ಕೆಲಸ ಒದಗಿಸ್ತಿಲ್ಲ. 25 ಸಾವಿರದ ಕಾರ್ಡ್ ಹಾಕಿದ್ರೂ ಹದಿನೈದು ನಿಮಿಷಕ್ಕೆ ಇದೇ ಕಥೆ ಆಗ್ತಿತ್ತು. ಅಳತೆ ನೋಡದೆ ಪಾರ್ಟ್ ಬದಲಿಸಿ ಅಂತ ಹೇಳೋದು ನನಗೆ ನಿಜಕ್ಕೂ ಬೇಜಾರಾಗುತ್ತೆ, ಮನೆಯವರ ದುಡ್ಡು ಅದು.

ಈಗ ಕೆಲಸ. ಸ್ವಿಚ್ ಆಫ್ ಮಾಡಿ ವೈರ್ ಕಿತ್ತು ಸೈಡ್ ಪ್ಯಾನೆಲ್ ಬಿಚ್ಚು. ಕಾಫಿ ಒಣಗಿಸೋ ಕಾಲದಲ್ಲಿ ಕಣದಿಂದ ಏಳೋ ಧೂಳು, ಅದರ ಮೇಲೆ ಜೂನ್ ಜುಲೈ ಥಂಡಿ, ಎರಡೂ ಸೇರಿ ಪ್ರೊಸೆಸರ್ ಫ್ಯಾನಿನ ಕೆಳಗಿರೋ ಅಲ್ಯೂಮಿನಿಯಂ ರೆಕ್ಕೆಗಳ ಮಧ್ಯೆ ಕಂಬಳಿ ಥರ ಕೂತಿರುತ್ತೆ, ಮಲೆನಾಡು ಕಡೆಯಿಂದ ಬರೋ ಪಿಸಿಗಳಲ್ಲಿ ಇದು ಮಾಮೂಲು. ಒಣಗಿದ ಪೇಂಟ್ ಬ್ರಷ್‌ನಿಂದ ಬಿಡಿಸು, ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊ. ಪಂಕ್ಚರ್ ಅಂಗಡಿ ಕಂಪ್ರೆಸರ್‌ಗೆ ಒಯ್ಯಬೇಡ, ಅದರ ಗಾಳೀಲಿ ನೀರಿರುತ್ತೆ. ಒದ್ದೆ ಬಟ್ಟೇನೂ ಬೇಡ.

ಆಮೇಲೆ ಆ ಫ್ಯಾನ್, ರೆಕ್ಕೆ ಎರಡೂ ಸೇರಿರೋ ಕೂಲರ್‌ನ ನಾಲ್ಕು ಮೂಲೆಯ ಪಿನ್ ನೋಡು. ಇಂಟೆಲ್ ಡಬ್ಬಿ ಜೊತೆ ಬರೋ ಕೂಲರ್‌ನಲ್ಲಿ ಬಹಳ ಸಲ ಒಂದು ಪಿನ್ ಮೇಲೆದ್ದಿರುತ್ತೆ, ಒಂದು ಎದ್ರೂ ಸಾಕು ಕೂಲರ್ ವಾಲಿ ಪ್ರೊಸೆಸರ್‌ಗೆ ಪೂರ್ತಿ ತಾಗಲ್ಲ. ಎದ್ದಿದ್ರೆ ಸುಮ್ನೆ ಒತ್ತಿಬಿಡಬೇಡ, ಹೆಂಗಿದ್ರೂ ಪ್ರೊಸೆಸರ್ ಬಿಸೀನ ಕೂಲರ್‌ಗೆ ದಾಟಿಸೋ ಐದು ವರ್ಷದ ಪೇಸ್ಟ್ ಒಣಗಿರುತ್ತೆ, ಕೂಲರ್ ತೆಗೆದು ಹೊಸ ಥರ್ಮಲ್ ಪೇಸ್ಟ್ ಹಾಕೋದೇ ಸರಿ. ತೆಗೆಯೋ ಮುಂಚೆ ಪಿಸಿ ಹತ್ತು ನಿಮಿಷ ಓಡ್ಸಿ ಆಫ್ ಮಾಡು, ಪೇಸ್ಟ್ ಮೆತ್ತಗಾಗಿ ಸುಲಭಕ್ಕೆ ಬಿಡುತ್ತೆ. ಹಳೇದನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೇಲಿ ಒರೆಸಿ, ಮಧ್ಯದಲ್ಲಿ ಒಂದು ಸಣ್ಣ ಬೊಟ್ಟಿನಷ್ಟು ಹೊಸದು. ಪಿನ್ ಹಾಕುವಾಗ ಎದುರುಬದುರು ಮೂಲೆ ಜೋಡಿಯಾಗಿ ಒತ್ತು, ನಾಲ್ಕಕ್ಕೂ ಟಕ್ ಅನ್ನೋ ಸದ್ದು ಬರ್ಬೇಕು. ಕೈ ನಡುಗಿದ್ರೆ ಹತ್ತಿರದ ಸರ್ವೀಸಿನವರ ಹತ್ರ ಮಾಡ್ಸು, ಅದರಲ್ಲಿ ನಾಚಿಕೆ ಏನಿಲ್ಲ.

ಪಿಸೀನ ಕಬೋರ್ಡಿಂದ ಆಚೆ ತಗೊಂಡು ಟೇಬಲ್ ಮೇಲಿಡಿ. ಹಿಂದೆ ಒಂದು ಗೇಣಾದ್ರೂ ಜಾಗ ಇರಲಿ.

ಹಾಸನ (ಇನ್ನೊಬ್ಬರು):
ಮಧ್ಯೆ ಬಂದಿದ್ದಕ್ಕೆ ಸಾರಿ ಸರ್. ನಾನು ರೈಜನ್ 5 5600ಜಿ ಪಿಸಿಗೆ ಹೊಸ ಕಾರ್ಡ್ ಹಾಕಿ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸೋ) ಮಾನಿಟರೂ ತಂದೆ, ಏನೂ ವ್ಯತ್ಯಾಸ ಇಲ್ಲ.

ಉತ್ತರ:
ಮಾನಿಟರ್ ಕೇಬಲ್ ಎಲ್ಲಿಗೆ ಚುಚ್ಚಿದೀರಿ ನೋಡಿ. 5600ಜಿ ಒಳಗೇ ಗ್ರಾಫಿಕ್ಸ್ ಇದೆ, ಹಂಗಾಗಿ ಮದರ್‌ಬೋರ್ಡ್ ಪೋರ್ಟ್‌ಗೆ ಹಾಕಿದ್ರೂ ಪರದೆ ಬರಬಹುದು, ಹೊಸ ಕಾರ್ಡ್ ಮಾತ್ರ ಸುಮ್ನೆ ಕೂತಿರಬಹುದು. ಕೆಳಗೆ ಅಡ್ಡಕ್ಕಿರೋ ಕಾರ್ಡಿನ ಪೋರ್ಟ್‌ಗೆ ಹಾಕಿ, ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ರೆ ಅದೇ ಒಳ್ಳೇದು. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ 60 ಇರೋದನ್ನ ನೀವೇ 144 ಮಾಡ್ಬೇಕು, ತಾನಾಗೇ ಆಗಲ್ಲ.

ಸಕಲೇಶಪುರ:
ವ್ಯಾಲರಂಟ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) 120 ತೋರ್ಸುತ್ತೆ ಆದ್ರೂ ಎದುರಿನವ್ರು ಜಿಗಿದು ಜಿಗಿದು ಕಾಣ್ತಾರೆ ಅಣ್ಣ, ಮೊಬೈಲ್ ಹಾಟ್‌ಸ್ಪಾಟಲ್ಲಿ ಆಡೋದು.

ಉತ್ತರ:
ಅದು ಪಿಸಿ ದೋಷ ಅಲ್ಲ, ನೆಟ್. ಸರ್ವರ್ ಮುಂಬೈ ಆಯ್ಕೆ ಆಗಿದ್ಯಾ ನೋಡಿ, ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಕೇಬಲ್ ಹಾಕಿ ಫೋನಿನ ನೆಟ್ಟನ್ನ ಪಿಸಿಗೆ ಕೊಡಿ (ಟೆದರ್). ಸಿಗ್ನಲ್ಲೇ ಏರಿಳಿತ ಇದ್ರೆ ಫೈಬರ್ ಕನೆಕ್ಷನ್‌ಗೆ ಲ್ಯಾನ್ ಕೇಬಲ್ ಎಳೆಯೋದೊಂದೇ ದಾರಿ.

ಮೂಡಿಗೆರೆ:
ಅಂಕಲ್ ಪಿನ್ ಒಂದು ಎದ್ದಿತ್ತು!! ಪೇಸ್ಟ್ ಚಿಕ್ಕಮಗಳೂರಿಂದ ತರಿಸಿ ಹಾಕಿದ್ವಿ. ಒಂದು ಗಂಟೆ ಆಡಿದ್ರೂ 72 ಡಿಗ್ರಿ, ವೇಗ 4ರಲ್ಲೇ ಇದೆ, ಕಾರ್ಡ್ ಈಗ 97 ಪರ್ಸೆಂಟ್. ಆದ್ರೆ ಕಾರ್ ಜೋರಾಗಿ ಓಡಿಸುವಾಗ ಒಂದೊಂದ್ಸಲ ಜರ್ಕ್ ಹೊಡೆಯುತ್ತೆ.

ಉತ್ತರ:
ಭಾಳ ಖುಷಿ ಆಯ್ತು ತಮ್ಮಾ. ಉಳಿದಿರೋ ಜರ್ಕ್ ಹಾರ್ಡ್ ಡಿಸ್ಕಿಂದು ಇರ್ಬೇಕು, ಜೋರಾಗಿ ಹೋಗುವಾಗ ಮುಂದಿನ ರಸ್ತೆ ಕಟ್ಟಡಗಳ ಫೈಲನ್ನ ಅದು ಅಷ್ಟು ಬೇಗ ಓದಿ ಕೊಡಲ್ಲ. ಜಾಗ ಇದ್ರೆ ಗೇಮನ್ನ ಎಸ್‌ಎಸ್‌ಡಿಗೆ ಸಾಗ್ಸು, ಆಡುವಾಗ ಕ್ರೋಮ್ ಮುಚ್ಚು. ಅಷ್ಟಾದ್ಮೇಲೂ ಇದ್ರೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕ್ಸಿ ಅಕ್ಕ, ಎರಡು ಸ್ಟಿಕ್ ಇದ್ರೆ ಎರಡೂ ಒಟ್ಟಿಗೆ ಕೆಲಸ ಮಾಡೋ ಡ್ಯುಯಲ್ ಚಾನೆಲ್ ಆಗಿ ಪ್ರೊಸೆಸರ್‌ಗೂ ಅನುಕೂಲ. ತರೋಕೆ ಮುಂಚೆ ಈಗಿರೋ ಸ್ಟಿಕ್‌ನ ಲೇಬಲ್ ಫೋಟೋ ಇಲ್ಲಿ ಹಾಕಿ, ಡಿಡಿಆರ್4 ಅನ್ನೋ ಬಗೆಯ ರ‍್ಯಾಮ್‌ನಲ್ಲಿ ಅದೇ ಸ್ಪೀಡಿಂದು ಯಾವುದು ತರ್ಬೇಕು ಅಂತ ನೋಡಿ ಹೇಳ್ತೀನಿ.