ಗುಡುಗು-ಸಿಡಿಲಿನ ಮಳೆ: ನೀವು ಕೇಳಿದ್ದು, ಹವಾಮಾನದವರು ಹೇಳಿದ್ದು

ಭರಣಿ ಮಳೆ ಶುರುವಾದಾಗಿನಿಂದ ನಮ್ಮ ಗುಂಪಿನಲ್ಲಿ ಸಿಡಿಲಿನದ್ದೇ ಮಾತು. ಹವಾಮಾನ ಕೆಲಸದಲ್ಲೇ ಇದ್ದು ನಿವೃತ್ತರಾದ ಧಾರವಾಡದ ಸದಸ್ಯರೊಬ್ಬರು ಉತ್ತರ ಕೊಡಲು ಒಪ್ಪಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಹಾಕಿದ್ದೇವೆ. – ಅಡ್ಮಿನ್

ಪ್ರಶ್ನೆ (ನವನಗರ, ಹುಬ್ಬಳ್ಳಿ): ಸರ್, ಮಧ್ಯಾಹ್ನದ ತನಕ ಸುಡುಬಿಸಿಲು. ನಾಲ್ಕು ಗಂಟೆಗೆ ಏಕದಂ ಕತ್ತಲು, ಗಾಳಿ, ಗುಡುಗು. ಒಂದು ತಾಸಿನಲ್ಲಿ ಎಲ್ಲ ಖಾಲಿ. ವಿದ್ಯಾನಗರದಲ್ಲಿ ರಸ್ತೆ ತುಂಬ ನೀರು, ಕೇಶ್ವಾಪುರದಲ್ಲಿ ಒಂದು ಹನಿ ಇಲ್ಲ. ಯಾಕೆ ಹೀಗೆ?

ಉತ್ತರ: ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಎರಿ ಹೊಲ ಚೆನ್ನಾಗಿ ಕಾಯುತ್ತದೆ. ನೆಲದ ಹತ್ತಿರದ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಬರೀ ಬಿಸಿ ಇದ್ದರೆ ಮೋಡ ಆಗುವುದಿಲ್ಲ, ತೇವವೂ ಬೇಕು. ಅದು ಅರಬ್ಬಿ ಸಮುದ್ರದಿಂದ ಸಹ್ಯಾದ್ರಿ ದಾಟಿ ಬರುತ್ತದೆ, ಕೆಲವು ದಿನ ಬಂಗಾಳ ಕೊಲ್ಲಿಯ ಕಡೆಯಿಂದಲೂ ಬರುತ್ತದೆ. ಧಗೆ ಜಾಸ್ತಿಯಾಗಿ ಮೈ ಅಂಟಂಟು ಅನ್ನಿಸುವ ದಿನವೇ ಸಂಜೆಗೆ ಮಳೆ ಬರುವುದು ಇದಕ್ಕೇ.

ಮೇಲೇರಿದ ತೇವ ತಣ್ಣಗಾಗಿ ಹನಿಯಾಗುತ್ತದೆ. ಹನಿಯಾಗುವಾಗ ಶಾಖ ಬಿಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಮೇಲಕ್ಕೆ ಹೋಗುತ್ತದೆ. ಹೀಗೆ ಬೆಳೆದ ಮೋಡದ ತಲೆ 12 ಕಿಲೋಮೀಟರ್‌ಗೂ ಎತ್ತರ ಹೋಗುವುದುಂಟು. ಇನ್ನು ಮೇಲೆ ದಾರಿ ಇಲ್ಲ ಅಂದಾಗ ತಲೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡುತ್ತದೆ. ಧಾರವಾಡದ ಮಾಳಿಗೆ ಮೇಲೆ ನಿಂತರೆ ದೂರದ ಮೋಡದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ತಳ ಕಪ್ಪು, ನಡು ಹೂಕೋಸಿನ ಹಾಗೆ ಉಬ್ಬಿರುತ್ತದೆ, ತುದಿ ಮಾತ್ರ ಸವರಿದಂತೆ ನಯ.

ಒಂದೊಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಅದಕ್ಕೇ ಒಂದು ಓಣಿಗೆ ಮಳೆ, ಇನ್ನೊಂದಕ್ಕೆ ಬಿಸಿಲು. ಮಳೆ ಬೀಳುವಾಗ ತಣ್ಣನೆಯ ಗಾಳಿಯೂ ಜೊತೆಗೆ ಕೆಳಗಿಳಿದು ಮೇಲೇಳುವ ಬಿಸಿ ಗಾಳಿಯನ್ನು ಮುಚ್ಚಿಬಿಡುತ್ತದೆ. ಮೋಡಕ್ಕೆ ಆಹಾರ ತಪ್ಪುತ್ತದೆ. ಒಂದು ತಾಸಿನೊಳಗೆ ಮುಗಿಯುವುದು ಅದಕ್ಕೇ. ಆದರೆ ಆ ತಣ್ಣನೆಯ ಗಾಳಿ ಪಕ್ಕದಲ್ಲಿ ಇನ್ನೊಂದು ಮೋಡವನ್ನು ಎಬ್ಬಿಸಬಹುದು.

ಅದಕ್ಕೇ ಇನ್ನೊಂದು (ಹಳೇ ಹುಬ್ಬಳ್ಳಿ): ಮಳೆಗಿಂತ ಮೊದಲು ಧೂಳೆಬ್ಬಿಸಿಕೊಂಡು ಬರುವ ಗಾಳಿ ಇದೇನಾ?

ಉತ್ತರ: ಹೌದು, ಇದೇ. ಕೆಳಗಿಳಿದ ಗಾಳಿ ನೆಲಕ್ಕೆ ಬಡಿದು ಎಲ್ಲ ಕಡೆ ಹರಡುತ್ತದೆ. ಪತ್ರಾಸು ಹಾರುವುದು, ಮರ ಬೀಳುವುದು ಹೆಚ್ಚಾಗಿ ಇದರಿಂದಲೇ. ಬೈಕಿನಲ್ಲಿದ್ದರೆ ಹೋರ್ಡಿಂಗ್ ಕೆಳಗೆ ನಿಲ್ಲಬೇಡಿ. ವೈರ್ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಪ್ರಶ್ನೆ (ಗದಗ, ಕಾಲೇಜು ವಿದ್ಯಾರ್ಥಿ): ಮೋಡಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಗುಡುಗು ಬರುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಅದು ತಪ್ಪು ಅಂತ ಗೊತ್ತು. ಹಾಗಾದರೆ ಸರಿ ಯಾವುದು?

ಉತ್ತರ: ಅಜ್ಜಿ ಡಿಕ್ಕಿ ಅಂದಿದ್ದು ಸರಿ ತಮ್ಮಾ, ಡಿಕ್ಕಿ ಮೋಡದ ಒಳಗೆ ನಡೆಯುತ್ತದೆ ಅಷ್ಟೇ. ನಮ್ಮ ಕಡೆ ಬೇಸಿಗೆಯಲ್ಲೂ ಸುಮಾರು 5 ಕಿಲೋಮೀಟರ್ ಮೇಲೆ ಹೋದರೆ ನೀರು ಹೆಪ್ಪುಗಟ್ಟುವಷ್ಟು ಚಳಿ. ಅಲ್ಲಿ ಸಣ್ಣ ಹಿಮದ ಹರಳು ಮೇಲೆ ಹೋಗುತ್ತಿರುತ್ತವೆ, ದಪ್ಪ ಹಿಮದ ಕಾಳು ಕೆಳಗೆ ಬರುತ್ತಿರುತ್ತವೆ. ಒಂದಕ್ಕೊಂದು ತಾಗಿದಾಗ ಹರಳಿಗೆ ಧನ ವಿದ್ಯುತ್, ಕಾಳಿಗೆ ಋಣ ವಿದ್ಯುತ್. ಮೋಡದ ತಲೆ ಒಂದು ಥರ, ತಳ ಇನ್ನೊಂದು ಥರ ಆಗುತ್ತದೆ. ಅಂತರ ತಡೆಯಲಾರದಷ್ಟು ಬೆಳೆದಾಗ ಗಾಳಿಯನ್ನು ಸೀಳಿಕೊಂಡು ವಿದ್ಯುತ್ ಹರಿಯುತ್ತದೆ. ಹೆಚ್ಚಿನ ಮಿಂಚು ಮೋಡದೊಳಗೇ ಮುಗಿಯುತ್ತದೆ. ನೆಲಕ್ಕೆ ಬಂದದ್ದನ್ನು ನಾವು ಸಿಡಿಲು ಅನ್ನುತ್ತೇವೆ. ಆ ದಾರಿಯ ಗಾಳಿ ಕಣ್ಣು ಮಿಟುಕಿಸುವುದರೊಳಗೆ ಸುಮಾರು 30,000 ಡಿಗ್ರಿ ಸೆಲ್ಸಿಯಸ್ ಕಾಯ್ದು ಸಿಡಿಯುತ್ತದೆ. ಆ ಸಪ್ಪಳವೇ ಗುಡುಗು.

ಪ್ರಶ್ನೆ (ನವಲಗುಂದ, ರೈತರು): ಸರ್, ನಮ್ಮ ಎರಿ ಹೊಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಬೇವಿನ ಗಿಡ ಬಿಟ್ಟರೆ ಏನೂ ಇಲ್ಲ. ಮಳೆ ಬಂದರೆ ಎಲ್ಲರೂ ಅದರ ಕೆಳಗೇ ಓಡುತ್ತೇವೆ. ಬೇಡ ಅಂತೀರಿ. ಮತ್ತೆ ಎಲ್ಲಿಗೆ ಹೋಗಬೇಕು?

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ ಅಣ್ಣಾರೆ, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಬಯಲಿನಲ್ಲಿ ಒಂಟಿ ಗಿಡ ಎಂದರೆ ಸಿಡಿಲು ಬೀಳಲು ಎಲ್ಲಕ್ಕಿಂತ ಸುಲಭದ ಜಾಗ. ಗಿಡಕ್ಕೆ ಬಡಿದ ವಿದ್ಯುತ್ ಅಲ್ಲಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರಬಹುದು. ಬೇರಿನ ಸುತ್ತ ನೆಲದಲ್ಲೂ ಹರಡುತ್ತದೆ. ಒಂದೇ ಸಿಡಿಲಿಗೆ ಗಿಡದ ಕೆಳಗಿನ ನಾಲ್ಕೈದು ಜನ ಬೀಳುವುದು ಹೀಗೆ.

ನಿಜ ಹೇಳಬೇಕೆಂದರೆ, ಗುಡುಗು ತಲೆ ಮೇಲೆ ಬಂದ ಮೇಲೆ ಬಯಲು ಹೊಲದಲ್ಲಿ ಭದ್ರವಾದ ಜಾಗ ಅಂತ ಒಂದೂ ಇಲ್ಲ. ನಾಲ್ಕು ಕಂಬದ ಪತ್ರಾಸ್ ಶೆಡ್ಡೂ ಅಲ್ಲ, ಟಾಪ್ ಇಲ್ಲದ ಟ್ರ್ಯಾಕ್ಟರೂ ಅಲ್ಲ, ಚಕ್ಕಡಿಯ ಕೆಳಗೂ ಅಲ್ಲ. ಆದ್ದರಿಂದ ನಿರ್ಧಾರ ಅದಕ್ಕಿಂತ ಮೊದಲೇ ಆಗಬೇಕು. ನಾವೆಲ್ಲ ಏನು ಮಾಡುತ್ತೇವೆ? ಹನಿ ಬಿದ್ದ ಮೇಲೆ ಎದ್ದು ಓಡುತ್ತೇವೆ. ಸಿಡಿಲಿಗೆ ಹನಿಯ ಲೆಕ್ಕ ಇಲ್ಲ. ಮೋಡದಿಂದ 10 ಕಿಲೋಮೀಟರ್ ಆಚೆ, ಮಳೆಯೇ ಇಲ್ಲದ ಕಡೆಯೂ ಬೀಳುತ್ತದೆ. ಗುಡುಗು ಕಿವಿಗೆ ಬಿತ್ತು ಅಂದರೆ ನೀವು ಅದರ ಅಳತೆಯೊಳಗೆ ಇದ್ದೀರಿ ಅಂತಲೇ ಅರ್ಥ. ಮೊದಲ ಸಪ್ಪಳಕ್ಕೇ ಕೆಲಸ ಬಿಟ್ಟು ಊರಿನ ಕಡೆ ಹೊರಡಿ. ಗೋಡೆ, ಛಾವಣಿ ಇರುವ ಪಕ್ಕಾ ಮನೆ, ಶಾಲೆ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸು ಸರಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಹೊರಗೆ ಬರಬೇಡಿ. ಮಳೆ ನಿಂತಿತು ಅಂತ ತಕ್ಷಣ ಹೊಲಕ್ಕೆ ಇಳಿಯುವವರೂ ಅಪಾಯಕ್ಕೆ ಸಿಗುತ್ತಾರೆ.

ಸಿಕ್ಕಿಹಾಕಿಕೊಂಡೇ ಬಿಟ್ಟರೆ? ಗಿಡ, ತಂತಿ ಬೇಲಿ, ಕೃಷಿಹೊಂಡ, ಪಂಪ್‌ಸೆಟ್ಟಿನಿಂದ ದೂರ ಸರಿಯಿರಿ. ಗುಂಪಾಗಿ ನಿಲ್ಲಬೇಡಿ, ಚದುರಿಕೊಳ್ಳಿ. ಸಲಿಕೆ, ಗುದ್ದಲಿ ಹೆಗಲ ಮೇಲೆ ಬೇಡ. ಎರಡೂ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಿ, ಮಲಗಲೇಬೇಡಿ. ಇದರಿಂದ ಪೆಟ್ಟು ತಪ್ಪುತ್ತದೆ ಅಂತಲ್ಲ, ಸ್ವಲ್ಪ ಕಡಿಮೆ ಆಗಬಹುದು ಅಷ್ಟೇ.

ಪ್ರಶ್ನೆ (ಶಿರಹಟ್ಟಿ): ನಮ್ಮ ಕಾಕಾ ಕುರಿ ಕಾಯುತ್ತಾರೆ. ಒಂದೇ ಸಿಡಿಲಿಗೆ ಹತ್ತಿಪ್ಪತ್ತು ಕುರಿ ಸಾಯುತ್ತವೆ. ಪಕ್ಕದಲ್ಲಿದ್ದ ಮನುಷ್ಯ ಕೆಲವೊಮ್ಮೆ ಉಳಿಯುತ್ತಾನೆ. ಹೇಗೆ?

ಉತ್ತರ: ನೆಲದಲ್ಲಿ ಹರಡುವ ವಿದ್ಯುತ್ತಿನ ಕೆಲಸ. ಬಡಿದ ಜಾಗದಿಂದ ದೂರ ಹೋದಂತೆ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ ಇದ್ದರೆ ನಡುವಿನ ವ್ಯತ್ಯಾಸದಿಂದ ವಿದ್ಯುತ್ ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ಕುರಿ, ದನಗಳಿಗೆ ಆ ದಾರಿಯಲ್ಲೇ ಹೃದಯ ಸಿಗುತ್ತದೆ. ಎರಡು ಕಾಲಿನ ನಮ್ಮಲ್ಲಿ ಅದು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿ ಹೋಗಬಹುದು. ಪಾದ ಜೋಡಿಸಿ ಅಂದಿದ್ದು ಇದಕ್ಕೇ. ಕುರಿಗಳನ್ನು ಗಿಡದ ಕೆಳಗೆ ಅಥವಾ ತಂತಿ ಬೇಲಿಗೆ ಒತ್ತಿ ನಿಲ್ಲಿಸಬೇಡಿ. ಕಾಕಾ ಅವರಿಗೆ ಹೇಳಿ, ಹೊತ್ತು ಮೀರಿದರೆ ಕುರಿ ಬಿಟ್ಟು ಮೊದಲು ಅವರು ಒಳಗೆ ಸೇರಿಕೊಳ್ಳಲಿ. ಕಷ್ಟದ ಮಾತು, ಗೊತ್ತು.

ಪ್ರಶ್ನೆ (ಸಪ್ತಾಪುರ, ಧಾರವಾಡ): ಗುಡುಗಿದರೆ ನಮ್ಮ ಅತ್ತೆ ಅರ್ಜುನನ ಹೆಸರು ಹೇಳುತ್ತಾ ಅಂಗಳಕ್ಕೆ ಕುಡಗೋಲು ಎಸೆಯುತ್ತಾರೆ. ಮಗ ಮೊಬೈಲ್ ಆಫ್ ಮಾಡು ಅಂತಾನೆ. ಯಾರು ಸರಿ?

ಉತ್ತರ: ಅಕ್ಕಾರೆ, ಅರ್ಜುನನ ಹೆಸರು ಹೇಳಲಿ ಬಿಡಿ, ಧೈರ್ಯ ಬರುತ್ತದೆ. ಕುಡಗೋಲು ಎಸೆಯಲು ಅಂಗಳಕ್ಕೆ ಹೋಗುವುದು ಮಾತ್ರ ಬೇಡ. ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜಿಗೆ ಹಾಕಿಕೊಂಡು ಮಾತಾಡುವುದು ಅಪಾಯ, ವೈರ್ ಮೂಲಕ ಬರುತ್ತದೆ. ಟಿವಿ, ಫ್ರಿಜ್ ಪ್ಲಗ್ ಮೊದಲೇ ತೆಗೆಯಿರಿ, ಗುಡುಗು ಜೋರಾದ ಮೇಲೆ ಮುಟ್ಟಲು ಹೋಗಬೇಡಿ. ನಳದ ನೀರಿನಲ್ಲಿ ಪಾತ್ರೆ, ಸ್ನಾನ ಆಮೇಲೆ. ನಮ್ಮೂರಲ್ಲಿ ನೀರು ಬಿಡುವ ದಿನವೇ ಗುಡುಗಿದರೆ ಮೋಟರ್ ಹಾಕಲು ಓಡುವವರು ಬಹಳ, ಅದೂ ಬೇಡ.

ಪ್ರಶ್ನೆ (ಹಾವೇರಿ, ಶಿಕ್ಷಕಿ): ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದಾ?

ಉತ್ತರ: ಇಲ್ಲ ಮೇಡಂ. ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಿ. ಉಸಿರಾಟ ಇಲ್ಲದಿದ್ದರೆ ತಕ್ಷಣ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸತ್ತೇಹೋದರು ಅನ್ನಿಸಿದವರೂ ಉಳಿದಿದ್ದಾರೆ. ಸೆಗಣಿಯಲ್ಲಿ ಹೂಳುವುದು, ನೀರು ಕುಡಿಸುವುದು ಮಾಡಿ ಹೊತ್ತು ಕಳೆಯಬೇಡಿ. ಮಕ್ಕಳು ಆಟದ ಬಯಲಿನಲ್ಲಿದ್ದರೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ ದಾಮಿನಿ ಆ್ಯಪ್ ನೋಡಿಕೊಳ್ಳಿ, ಸುತ್ತಲಿನ ಸಿಡಿಲು ತೋರಿಸುತ್ತದೆ.

ಪ್ರಶ್ನೆ (ಕಲಘಟಗಿ): ಆಷಾಢದಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ. ಆಗ ಗುಡುಗೇ ಇರುವುದಿಲ್ಲವಲ್ಲ?

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಆಗ ನೆಲ ತಂಪು, ಬಿಸಿಲಿಲ್ಲ, ಪಶ್ಚಿಮದ ಗಾಳಿ ಜೋರು. ಮೋಡ ಹೆಚ್ಚಾಗಿ ಹಿಮದ ಎತ್ತರಕ್ಕೆ ಹೋಗುವುದೇ ಇಲ್ಲ, ಹೋದರೂ ಆ ರಭಸ ಇರುವುದಿಲ್ಲ. ಡಿಕ್ಕಿ ಕಡಿಮೆ, ಮಿಂಚೂ ಕಡಿಮೆ. ಅಕ್ಟೋಬರಿನಲ್ಲಿ ಚಿತ್ತಿ, ಸ್ವಾತಿ ಮಳೆ ಹೊತ್ತಿಗೆ ಮತ್ತೆ ಬಿಸಿಲು ಬಿದ್ದು ಗುಡುಗು ಶುರು. ಗೋವಿನಜೋಳ, ಶೇಂಗಾದ ರಾಶಿ ಹೊಲದಲ್ಲಿರುವುದೂ ಆಗಲೇ. ತಾಡಪತ್ರಿ ಮಧ್ಯಾಹ್ನವೇ ಹೊದಿಸಿ ಬಂದುಬಿಡಿ.