‘ಲೇಟೆನ್ಸಿ’ಗೆ ‘ಸುಪ್ತತೆ’ ಬಿಟ್ಟು ಬೇರೇನು? ‘ಕ್ಯೂ’ಗೆ ‘ಪಾಳಿ’ ನಡೆದೀತೇ?

ಎಲ್ಲರಿಗೂ ಶರಣು.

ಮನೆಯ ರೂಟರಿಗೆ ಹಾಕಿಕೊಳ್ಳುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದರ ಸೆಟ್ಟಿಂಗ್ ಪುಟಗಳಿಗೆ ಲೂಸಿ ಅಂತ ಹೆಸರು. ಅವನ್ನು ಕನ್ನಡಕ್ಕೆ ತರಲು ರಾತ್ರಿ ಊಟ ಆದಮೇಲೆ ಒಂದು ತಾಸು ವೆಬ್‌ಲೇಟ್ ಎಂಬ ಅನುವಾದ ತಾಣ ತೆರೆದು ಕೂಡುತ್ತಿದ್ದೇನೆ. ‘ಉಳಿಸು’, ‘ಅಳಿಸು’, ‘ಪಾಸ್‌ವರ್ಡ್’ ಎಲ್ಲ ಸಲೀಸಾಗಿ ಮುಗಿದವು. ‘ಲೇಟೆನ್ಸಿ’ (ಕಳಿಸಿದ್ದು ಆ ಕಡೆ ಮುಟ್ಟಲು ಹಿಡಿಯುವ ಹೊತ್ತು) ಬಂದಲ್ಲಿ ಕೈ ನಿಂತಿತು. ಯಂತ್ರದ ಸಲಹೆ: ‘ಸುಪ್ತತೆ’.

‘ಲೇಟೆಂಟ್’ ಅಂದರೆ ಸುಪ್ತ ಅಂತ ನಿಘಂಟಿನಲ್ಲಿದೆ, ಅದರ ಬಾಲ ಹಿಡಿದು ಹುಟ್ಟಿದ ಪದ ಇದು. ಮನಸ್ಸಿನೊಳಗೆ ಅಡಗಿದ ಆಸೆಗೆ ಒಪ್ಪುತ್ತದೆ. ರೂಟರಿನಲ್ಲಿ ಯಾವುದೂ ಮಲಗಿಲ್ಲ, ಎಲ್ಲ ಓಡುತ್ತಿರುತ್ತದೆ. ಬೇರೆ ಕಡೆ ‘ವಿಳಂಬ’ ಅಂತಲೂ ನೋಡಿದ್ದೇನೆ. ಅದರ ಮೇಲೂ ನನ್ನ ತಕರಾರಿದೆ. ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ಕಲಬುರಗಿಯಲ್ಲಿ ಇಳಿಯುವಷ್ಟರಲ್ಲಿ ಬೆಳಗಾಗಿರುತ್ತದೆ. ಗಾಡಿ ಸರಿಯಾದ ವೇಳೆಗೇ ಬಂದಿರುತ್ತದೆ, ಯಾರೂ ಅದನ್ನು ವಿಳಂಬ ಅನ್ನುವುದಿಲ್ಲ. ಅದು ದಾರಿಯ ಹೊತ್ತು. ವಾಡಿಯಲ್ಲಿ ಸಿಗ್ನಲ್ ಸಿಗದೆ ಮುಕ್ಕಾಲು ತಾಸು ನಿಂತರೆ ಆವಾಗ ವಿಳಂಬ. ಇಂಗ್ಲಿಷಿನವರು ಎರಡನ್ನೂ ‘ಲೇಟೆನ್ಸಿ’ ಎಂಬ ಒಂದೇ ಚೀಲಕ್ಕೆ ತುಂಬಿದ್ದಾರೆ. ನಾವೂ ಹಾಗೇ ತುಂಬಬೇಕೆ?

ಇದು ಬರೀ ಪದದ ಚಟವಲ್ಲ, ಮನೆಯಲ್ಲಿ ಅನುಭವಿಸಿದ್ದು. ನಮ್ಮದು 40 ಎಂಬಿಪಿಎಸ್ ಸಂಪರ್ಕ. ಸಂಜೆ ಮಗ ಮದುವೆಯ ವಿಡಿಯೊಗಳನ್ನು ಮೇಲಕ್ಕೆ ಕಳಿಸಲು ಹಚ್ಚಿದನೆಂದರೆ ಒಳಗಿನ ಖೋಲಿಯಲ್ಲಿ ಸರ್ ಜೊತೆ ಕರೆಯಲ್ಲಿದ್ದ ಮಗಳ ಕೂಗು: “ಅಪ್ಪಾ, ಸರ್ ದನಿ ತುಂಡ್ ತುಂಡ್ ಬರ್ಲಾಕತ್ತದ!” ಮೊದಲು ಗೋಡೆಯ ಮೇಲೆ ಅನುಮಾನಪಟ್ಟೆ. ಹಳೇ ಮನೆ, ಎರಡು ಅಡಿ ದಪ್ಪದ ಕಲ್ಲು, ವೈಫೈ ನುಗ್ಗುವುದಿಲ್ಲ. ಕೇಬಲ್ ಎಳೆದು ನೇರ ಜೋಡಿಸಿದರೂ ಅದೇ ಕಥೆ. ಕಂಪನಿಯ ಹುಡುಗ ಬಂದು ಸ್ಪೀಡ್ ಟೆಸ್ಟ್ ಹಚ್ಚಿ, “ನೋಡ್ರಿ ಸರ, ನಲವತ್ತು ಪೂರಾ ಬರ್ಲಾಕತ್ತದ” ಅಂದು ಚಹಾ ಕುಡಿದು ಹೋದ. ಅವನು ಸುಳ್ಳು ಹೇಳಲಿಲ್ಲ. ನಾನೇ ಪಿಂಗ್ ಹಾಕಿ, ಒಂದು ಚಿಕ್ಕ ಸಂದೇಶ ಹೋಗಿಬರಲು ಹಿಡಿಯುವ ಹೊತ್ತು ಅಳೆಯುತ್ತ ಕೂತೆ. ಯಾರೂ ಬಳಸದಾಗ 18 ಮಿಲಿಸೆಕೆಂಡ್. ಮಗ ವಿಡಿಯೊ ಕಳಿಸುವಾಗ 700 ದಾಟಿತು. ದಾರಿ ಉದ್ದವಾಗಿರಲಿಲ್ಲ, ದಾರಿಯ ಬಾಯಲ್ಲಿ ಪಾಳಿ ಬೆಳೆದಿತ್ತು.

ತೊಗರಿ ಸುಗ್ಗಿಯಲ್ಲಿ ಗಂಜ್‌ಗೆ (ಕಾಳಿನ ಮಾರುಕಟ್ಟೆಗೆ) ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಕದ ಕಾಟಾ ಒಂದೇ. ಅದರ ಮುಂದಿನ ಅಂಗಳ ಎಷ್ಟು ದೊಡ್ಡದು ಮಾಡಿದರೂ ತೂಕ ಬೇಗ ಆಗುವುದಿಲ್ಲ, ನಿಲ್ಲುವ ಟ್ರ್ಯಾಕ್ಟರ್ ಹೆಚ್ಚಾಗುತ್ತವೆ ಅಷ್ಟೆ. ಸೈಕಲ್ ಮೇಲೆ ಒಂದೇ ಚೀಲ ತಂದವನೂ ಆ ಟ್ರ್ಯಾಕ್ಟರುಗಳ ಬೆನ್ನಿಗೆ ನಿಂತು ಒಣಗಬೇಕು. ಮಗಳ ಕರೆ ಆ ಒಂದು ಚೀಲ. ರೂಟರ್, ಮೋಡೆಮ್‌ಗಳಲ್ಲಿ ಮೆಮೊರಿ ಅಗ್ಗವಾದಂತೆ ಮಾಹಿತಿಯ ತುಣುಕುಗಳು (ಪ್ಯಾಕೆಟ್) ಕಾಯುವ ಈ ಅಂಗಳ, ಅಂದರೆ ಬಫರ್, ದೊಡ್ಡದಾಯಿತು. 2010ರ ಹೊತ್ತಿಗೆ ಕಂಪ್ಯೂಟರ್ ತಜ್ಞ ಜಿಮ್ ಗೆಟಿಸ್ ಈ ರೋಗಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಹಸಿ ಮೇವು ತಿಂದ ದನಕ್ಕೆ ಆಗುವ ಹೊಟ್ಟೆಯುಬ್ಬರ ನೆನಪಾಗಿ ನಾನು ‘ಪಾಳಿಯುಬ್ಬರ’ ಎಂದು ಬರೆದಿಟ್ಟಿದ್ದೇನೆ. ನಗಬೇಡಿ, ಮನೆಯವಳು ಆಗಲೇ ನಕ್ಕಿದ್ದಾಳೆ.

ಮದ್ದು ಓಪನ್‌ಡಬ್ಲ್ಯುಆರ್‌ಟಿಯಲ್ಲೇ ಇತ್ತು. ಜಾಲತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್ಸನ್ ಇಬ್ಬರೂ 2012ರಲ್ಲಿ ಮುಂದಿಟ್ಟ ‘ಕೋಡೆಲ್’ ಎಂಬ ವಿಧಾನ ಪಾಳಿಯ ಉದ್ದ ಅಳೆಯುವುದಿಲ್ಲ, ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಅಂತ ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದೆ 100 ಮಿಲಿಸೆಕೆಂಡ್ ಕಳೆದರೆ ಒಂದು ಪ್ಯಾಕೆಟನ್ನು ಬೀಳಿಸುತ್ತದೆ. ಕಳಿಸುವವನು ಅದನ್ನು ಅರಿತು ವೇಗ ತಗ್ಗಿಸುತ್ತಾನೆ. ‘ಎಫ್‌ಕ್ಯೂ ಕೋಡೆಲ್’ನಲ್ಲಿ ಒಂದೊಂದು ಹರಿವಿಗೆ (ಮಗಳ ಕರೆ, ಮಗನ ವಿಡಿಯೊ) ಒಂದೊಂದು ಪಾಳಿ, ಹೀಗಾಗಿ ಒಂದು ಚೀಲದವನು ಬೇಗ ಹೊರಬೀಳುತ್ತಾನೆ. 2018ರ ಆರ್‌ಎಫ್‌ಸಿ 8290 ಎಂಬ ಅಂತರ್ಜಾಲದ ತಾಂತ್ರಿಕ ದಾಖಲೆಯಲ್ಲಿ ಇದರ ವಿವರ ಇದೆ. ಅದೇ ವರ್ಷ ಲಿನಕ್ಸ್ 4.19ಕ್ಕೆ ಸೇರಿದ ‘ಕೇಕ್’ ಇದರ ಮುಂದಿನ ತಲೆಮಾರು. ನಾನು ಕೇಕ್ ಆರಿಸಿ, ಎರಡೂ ದಿಕ್ಕಿನ ವೇಗವನ್ನು ನಿಜವಾಗಿ ಸಿಗುವುದರ 90 ಪ್ರತಿಶತಕ್ಕೆ ಕಟ್ಟಿದೆ. ಪಾಳಿ ಕಂಪನಿಯ ಮೋಡೆಮಿನಲ್ಲಿ ಆಗುವ ಬದಲು ನಮ್ಮ ಕಟ್ಟೆಯ ಮೇಲೇ, ಅಂದರೆ ನಮ್ಮ ರೂಟರಿನಲ್ಲೇ ಆಗಲಿ ಅಂತ. ಈಗ ವಿಡಿಯೊ ಹೋಗುತ್ತಿದ್ದರೂ ಪಿಂಗ್ 25ರ ಆಸುಪಾಸು. ಸ್ಪೀಡ್ ಟೆಸ್ಟ್‌ನಲ್ಲಿ ಮಾತ್ರ 36 ತೋರಿಸುತ್ತದೆ. ಮಗನಿಗೆ ಅದೇ ಸಿಟ್ಟು.

ಈಗ ಪದಗಳಿಗೆ ಬರ್ತೀನಿ. ನಾನು ಇಟ್ಟುಕೊಂಡದ್ದು: ಒಟ್ಟು ಲೇಟೆನ್ಸಿಗೆ ‘ತಲುಪುವ ಹೊತ್ತು’, ಪಿಂಗ್ ಅಳೆಯುವುದಕ್ಕೆ ‘ಹೋಗಿಬರುವ ಹೊತ್ತು’, ಪಾಳಿಯಿಂದ ಹೆಚ್ಚಾದದ್ದಕ್ಕೆ ‘ಪಾಳಿತಡ’. ‘ವೇಗ’ ಅನ್ನುವುದನ್ನು ಬ್ಯಾಂಡ್‌ವಿಡ್ತ್‌ಗೆ ಬಿಟ್ಟೆ, ಜನ ಹೇಗೂ ಹಾಗೇ ಅನ್ನುತ್ತಾರೆ.

ತೊಡಕು ‘ಪಾಳಿ’ಯದ್ದು. ನಮ್ಮ ಕಡೆ ಪಾಳಿ ಹಚ್ಚುತ್ತಾರೆ, ಪಾಳಿಗೆ ನಿಲ್ಲುತ್ತಾರೆ, “ನಂದು ಪಾಳಿ ಬಂತು” ಅನ್ನುತ್ತಾರೆ. ಸಾಲೂ ಅದೇ, ಸರದಿಯೂ ಅದೇ. ಬೆಂಗಳೂರಿನ ಗೆಳೆಯನೊಬ್ಬನಿಗೆ ‘ಪಾಳಿ ನಿರ್ವಹಣೆ’ ತೋರಿಸಿದರೆ, “ಕಾರ್ಖಾನೆಯ ಶಿಫ್ಟ್ ತಂತ್ರಾಂಶವೇನೋ?” ಅಂದ. ‘ಸರದಿ’ ಅಂದರೆ ಇಡೀ ನಾಡಿಗೆ ತಿಳಿಯುತ್ತದೆ ನಿಜ, ಆದರೆ ‘ಸರದಿ ಉದ್ದವಾಯಿತು’ ಅಂತ ಯಾರಾದರೂ ಅನ್ನುತ್ತಾರೆಯೆ? ಉದ್ದವಾಗುವುದು ಸಾಲು, ಬರುವುದು ಸರದಿ. ಎರಡನ್ನೂ ಹೊರುವ ಪದ ನನಗೆ ಪಾಳಿಯೊಂದೇ ಕಂಡಿದೆ.

ಬಫರ್‌ಗೆ ‘ಹಗೇವು’ ಅನ್ನೋಣ ಅಂತ ಒಂದು ದಿನ ಬಹಳ ಹುರುಪಾಗಿತ್ತು. ನೆಲದಡಿ ಜೋಳ ತುಂಬಿಡುವ ಹಗೇವು ನೋಡಿದವರು ಈಗ ಕಡಿಮೆ, ಪದವಾದರೂ ಉಳಿಯಲಿ ಅಂತ. ಆಮೇಲೆ ಹೊಳೆಯಿತು: ಹಗೇವಿನಲ್ಲಿ ಕಡೆಗೆ ಹಾಕಿದ ಜೋಳ ಮೊದಲು ಹೊರಬರುತ್ತದೆ, ಪಾಳಿಯಲ್ಲಿ ಮೊದಲು ಬಂದವನಿಗೆ ಮೊದಲ ಹಕ್ಕು. ಲೆಕ್ಕ ತಲೆಕೆಳಗು. ಬಫರ್ ‘ಬಫರ್’ ಆಗೇ ಉಳಿಯಿತು.

ಇನ್ನು ಕೇಳುವುದು ಮೂರು. ಮೈಸೂರು, ಮಂಗಳೂರು ಕಡೆಯವರಿಗೆ ‘ಪಾಳಿತಡ’ ಒಂದೇ ಏಟಿಗೆ ತಿಳಿಯುತ್ತದೆಯೆ? ಬೀದರ್, ಯಾದಗಿರಿಯವರೇ, ನಿಮ್ಮಲ್ಲಿ ಪಾಳಿಯೋ, ‘ನಂಬರ್ ಹಚ್ಚೋದು’ ಅಂತ ಅಷ್ಟೇನೋ? ಕಡೆಯದು ‘ಡ್ರಾಪ್’. ‘12 ಪ್ಯಾಕೆಟ್ ಬೀಳಿಸಲಾಗಿದೆ’ ಅಂತ ಬರೆದಿದ್ದೆ, ಓದಿದ ಮಗಳು “ಯಾರ ಕೈಯಿಂದ ಬಿತ್ತು?” ಅಂದಳು. ಬೇಕಂತಲೇ ಬಿಟ್ಟದ್ದು, ಕೈಜಾರಿದ್ದಲ್ಲ ಅನ್ನುವುದು ಒಂದೇ ಕ್ರಿಯಾಪದದಲ್ಲಿ ಬರಬೇಕು, ಜೊತೆಗೆ ಫೋನಿನ ಪರದೆಯ ಸಣ್ಣ ಅಂಕಣದಲ್ಲಿ ಕೂಡಬೇಕು.